ಮೊಳೆಗೆ ನೇತುಬಿದ್ದ ಮೊದಲ ದೃಶ್ಯ

ನಾನು ಒಂದು ಸಿನಿಮಾದ ಮೊದಲ ದೃಶ್ಯ. ಹಾಗೆಂದರೆ ಕಣ್ಣಿಗೆ ಕಂಡು ಕೈಗೆ ಸಿಗದ ವಸ್ತು ಎಂದುಕೊಳ್ಳಬೇಡಿ. ಎರಡೂ ಅಂಚಿನಲ್ಲಿ ಸಾಲು ತೂತುಗಳಿರುವ, ಸುರುಳಿ ಸುತ್ತಿದ ಫಿಲ್ಮಿನ ತುಂಡು ನಾನು. ಮದರಾಸಿನ ಲ್ಯಾಬೊಂದರ ಕತ್ತಲೆ ಕೋಣೆಯಲ್ಲಿ, ಔಷಧದ ತೊಟ್ಟಿಗಳಲ್ಲಿ ಮುಳುಗೆದ್ದು ಹುಟ್ಟಿದೆ.

ನನ್ನ ಮೈಯಲ್ಲಿ ಒಂದು ಮಾತೂ ಇಲ್ಲ. ಇರುವುದು ಬೆಳಗಿನ ಒಂದು ಬೀದಿ. ಎಲ್ಲೂ ಕಪ್ಪು ನೆರಳು ಬೀಳದಂತೆ ದೀಪ ಹಾಕಿ ಅದನ್ನು ತೆಗೆದಿದ್ದರು. ಒಬ್ಬ ಹುಡುಗ ಬಸ್ಸು ಹಿಡಿಯಲು ಓಡಿ ಬರುತ್ತಾನೆ. ಅಂಗಿಯ ಗುಂಡಿಗಳು ಒಂದರ ಕಾಜಕ್ಕೆ ಇನ್ನೊಂದು ಬಿದ್ದಿವೆ. ಅವನನ್ನು ತೆಗೆಯುವಾಗ ಕ್ಯಾಮೆರಾವನ್ನು ಕೊಂಚ ನಿಧಾನ ಓಡಿಸಿದ್ದರು. ಅದಕ್ಕೇ ತೆರೆಯ ಮೇಲೆ ಅವನ ಕಾಲುಗಳು ಪಟಪಟನೆ ಬೀಳುತ್ತವೆ. ಆಚೆ ಬೀದಿಯಿಂದ ಒಬ್ಬ ಹುಡುಗಿ ಬರುತ್ತಾಳೆ, ಗಾಳಿಗೆ ಮಗುಚಿಕೊಂಡ ಕೊಡೆಯ ಜೊತೆ ಜಗಳವಾಡುತ್ತಾ. ಒಮ್ಮೆ ಅವನ ಚಪ್ಪಲಿ ಕಾಣುತ್ತದೆ, ಒಮ್ಮೆ ಅವಳದು. ಮತ್ತೆ ಅವನದು, ಮತ್ತೆ ಅವಳದು. ಮೂಲೆಯಲ್ಲಿ ಇವರಿಬ್ಬರೂ ಢಿಕ್ಕಿ ಹೊಡೆಯುತ್ತಾರೆಂದು ಎಂಥವರಿಗೂ ತಿಳಿದುಬಿಡುತ್ತದೆ. ಪಿಟೀಲಿನ ತಂತಿಯನ್ನು ಬೆರಳಿನಿಂದ ಮೀಟಿದ ಟುಣುಕು ಟುಣುಕು ಸದ್ದು. ಢಿಕ್ಕಿ! ಸಂಗೀತ ನಿಲ್ಲುತ್ತದೆ. ಇಬ್ಬರೂ ಕೆಸರಿನಲ್ಲಿ ಕುಳಿತಿರುತ್ತಾರೆ. ಮೊದಲು ನಗುವವಳು ಅವಳು. ಆಗ ಕೊಳಲು ಶುರುವಾಗುತ್ತದೆ. ಗಡಿಬಿಡಿಯಲ್ಲಿ ಒಬ್ಬರ ಚೀಲ ಇನ್ನೊಬ್ಬರು ಎತ್ತಿಕೊಂಡು ಹೊರಡುತ್ತಾರೆ. ನಟರ ಹೆಸರುಗಳೂ ನನ್ನ ಮೇಲೆಯೇ ಕುಣಿದು ಹೋಗುತ್ತವೆ.

ಇದು ನಗುವ ಕಥೆ, ಇವರಿಬ್ಬರಿಗೂ ಕೆಟ್ಟದ್ದೇನೂ ಆಗುವುದಿಲ್ಲ, ಹಾಯಾಗಿ ಕುಳಿತು ನೋಡಿ ಎಂದು ಬಂದವರಿಗೆ ಹೇಳುವುದೇ ನನ್ನ ಕೆಲಸ. ಮದುವೆ ಮನೆಯ ಬಾಗಿಲಲ್ಲಿ ನಿಂತು ಪನ್ನೀರು ಎರಚುತ್ತಾರಲ್ಲ, ಅಂಥದು.

ನನ್ನ ಬೆನ್ನಿಗೆ ಬರುವ ದೃಶ್ಯದ ಬಗೆಯೇ ಬೇರೆ. ಚೀಲ ವಾಪಸು ಕೊಡಲು ಹುಡುಗ ಸಂಜೆ ಅವಳ ಹಿಂದೆ ಹೋಗುತ್ತಾನೆ. ಕರೆಯಲು ನಾಚಿಕೆ, ಬಿಟ್ಟು ಹೋಗಲು ಮನಸ್ಸಿಲ್ಲ. ತುಂಟ ನಿರ್ದೇಶಕ ಅದನ್ನು ದೆವ್ವದ ಸಿನಿಮಾದಂತೆ ತೆಗೆದಿದ್ದ. ಉದ್ದುದ್ದ ನೆರಳು, ಸಂಗೀತವಿಲ್ಲ, ಹೆಜ್ಜೆಯ ಸದ್ದು ಮಾತ್ರ. ಹುಡುಗ ಗೋಡೆ ಹಾರಿ ಅವಳ ಮನೆಯ ಹಿತ್ತಿಲಿಗೆ ಇಳಿಯುತ್ತಾನೆ. ನನ್ನನ್ನು ನೋಡಿದ ಜನ ಅದನ್ನು ಕಂಡು ಇನ್ನೂ ಜೋರಾಗಿ ನಗುತ್ತಿದ್ದರು. ದಾವಣಗೆರೆಯಲ್ಲಿ ಒಬ್ಬ ಅಜ್ಜಿ ನಗು ತಡೆಯಲಾರದೆ ಬಾಯಲ್ಲಿದ್ದ ಎಲೆಯಡಿಕೆಯನ್ನೆಲ್ಲ ಮುಂದಿನವನ ಬೆನ್ನಿಗೆ ಉಗುಳಿಬಿಟ್ಟಿದ್ದಳು.

ತಗಡಿನ ಪೆಟ್ಟಿಗೆಯಲ್ಲಿ ಊರೂರು ಸುತ್ತಿ ಕೊನೆಗೆ ಬ್ಯಾಡಗಿಗೆ ಬಂದೆ. ಮೆಣಸಿನಕಾಯಿಯ ಊರು. ಸಿನಿಮಾ ಮಂದಿರದೊಳಗೂ ಜನ ಸೀನುತ್ತಲೇ ಇರುತ್ತಿದ್ದರು. ಅಲ್ಲಿಯ ಆಪರೇಟರ್ ಗುರುಸಿದ್ದಪ್ಪ. ಹೆಂಡತಿ ತೀರಿಕೊಂಡಿದ್ದಳು. ಕಸ್ತೂರಿ ಎಂಬ ಒಬ್ಬಳೇ ಮಗಳು, ಹೊಲಿಗೆ ಮಾಡುತ್ತಿದ್ದಳು. ಅವಳನ್ನು ನೋಡಲು ಹಿರೇಕೆರೂರು ಕಡೆಯಿಂದ ಒಂದು ಮನೆಯವರು ಬಂದಿದ್ದರು. ಹುಡುಗ ಫಕ್ಕೀರೇಶ. ಆ ಮನೆಯಲ್ಲಿ ಎಲ್ಲ ತೀರ್ಮಾನ ಅವನ ಸೋದರತ್ತೆ ನೀಲವ್ವನದು. ಹುಡುಗಿ ಒಪ್ಪಿಗೆಯಾಗಿದ್ದಳು. ಆದರೂ ನೀಲವ್ವ ಮಾತು ಕೊಟ್ಟಿರಲಿಲ್ಲ.

"ಸಿನಿಮಾ ತೋರ್ಸ್ರಿ ಮೊದ್ಲ. ಹಾಡು ಭಾಳ ಚಲೋ ಅದಾವಂತ. ಬಸ್ ಹತ್ತೋ ಮುಂದ ಹೇಳ್ತೀವಿ," ಎಂದಿದ್ದಳಂತೆ.

ತೊಡಕು ಇದ್ದದ್ದು ಬಸ್ಸಿನದು. ಸಂಜೆಯ ಆಟ ಮುಗಿಯುವ ಐದು ನಿಮಿಷ ಮೊದಲೇ ಅವರ ಕೊನೆಯ ಬಸ್ಸು ಹೊರಡುತ್ತಿತ್ತು. ಸಿನಿಮಾದ ಕಡೆಯಲ್ಲಿ ಹುಡುಗ ಹುಡುಗಿಗೆ ಮದುವೆಯಾಗಿ ಅಕ್ಷತೆ ಬೀಳುತ್ತದೆ. ಅದನ್ನು ನೋಡದೆ ಬೀಗರು ಎದ್ದು ಹೋದರೆ ಶುಭವಲ್ಲ ಎಂದು ಗುರುಸಿದ್ದಪ್ಪನಿಗೆ ಅನ್ನಿಸಿತು. ಹೊತ್ತು ಉಳಿಸಲು ಆಪರೇಟರುಗಳು ಹಾಡು ಕತ್ತರಿಸುವುದು ಆಗ ಎಲ್ಲ ಕಡೆ ಇದ್ದದ್ದೇ. ಆದರೆ ನೀಲವ್ವನಿಗೆ ಹಾಡೇ ಬೇಕು. ಅವನು ಮೊದಲ ರೀಲು ಬಿಚ್ಚಿ, ನನ್ನನ್ನು ದೀಪಕ್ಕೆ ಹಿಡಿದು ನೋಡಿದ.

"ಮಾತಿಲ್ಲ, ಹಾಡಿಲ್ಲ. ಬರೇ ಓಡೂದು, ಬೀಳೂದು. ಇದು ಹೋದ್ರ ಏನ್ ಹೋಗತೈತಿ?"

ತೆರೆಯ ಮೇಲೆ ಅವನು ನನ್ನನ್ನು ನೋಡಿಯೇ ಇರಲಿಲ್ಲ. ಆಟ ಶುರುವಾದಾಗ ಯಂತ್ರದ ದೀಪದ ಕಾರ್ಬನ್ ಕಡ್ಡಿ ಸರಿಮಾಡಿ ಬೆಳಕು ಹದಕ್ಕೆ ತರುವುದರಲ್ಲೇ ಅವನ ಗಮನವೆಲ್ಲ ಇರುತ್ತಿತ್ತು. ಕ್ಯಾಬಿನ್ನಿನ ಕಿಂಡಿಗೆ ಕಣ್ಣಿಡುವ ಹೊತ್ತಿಗೆ ನಾನು ಮುಗಿದಿರುತ್ತಿದ್ದೆ. ಯಾವ ಸಿನಿಮಾದ ಮೊದಲೂ ಅವನಿಗೆ ಗೊತ್ತಿರಲಿಲ್ಲ. ಬ್ಲೇಡು ಆಡಿಸಿದ. ನನ್ನನ್ನು ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ.

ಆಟ ಶುರುವಾಯಿತು. ನಾನು ಮೊಳೆಯ ಮೇಲಿದ್ದೆ. ತೆರೆ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಆ ಕಡೆಗಿತ್ತು. ಹೆಜ್ಜೆ ಸದ್ದು ಕೇಳಿತು. ಈಗ ನಗುತ್ತಾರೆ ಎಂದು ಕಾದೆ. ಯಾರೂ ನಗಲಿಲ್ಲ. ಒಂದು ಮಗು ಅಳತೊಡಗಿತು. ಹಿಂದಿನ ದಿನವೂ ಬಂದಿದ್ದ ಯಾರೋ ಒಬ್ಬ, "ಏ ಆಪರೇಟರ್ರಾ, ಮೊದಲಿಂದು ಮನೀಗೆ ಒಯ್ದೇನು?" ಎಂದು ಕೂಗಿದ. ಗೋಡೆ ಹಾರುವಾಗ ಹೆಂಗಸರ ಕಡೆಯಿಂದ "ಅಯ್ಯ ಶಿವನ!" ಎಂಬ ಉಸಿರು ಕೇಳಿಸಿತು. ಪರಿಚಯ ಹೇಳದೆ ಯಾರದೋ ಮನೆಗೆ ನುಗ್ಗಿದವನ ಹಾಗಾಗಿತ್ತು ನಮ್ಮ ಹುಡುಗನ ಪಾಡು. ಆ ಪರಿಚಯ ಹೇಳಬೇಕಾದ ನಾನು ಗೋಡೆಗೆ ನೇತಾಡುತ್ತಿದ್ದೆ. ಹುಟ್ಟಿದ ಮೇಲೆ ಅಂಥ ನಾಚಿಕೆ ಆದದ್ದು ಅದೇ ಮೊದಲು.

ನೀಲವ್ವನ ಜೊತೆ ಕುಳಿತಿದ್ದ ಕಸ್ತೂರಿ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದಳು.

"ಅಪ್ಪಾ, ಅವರು ಎದ್ದು ಹೋದ್ರು."

"ಯಾಕವ್ವ? ಹಾಡಽ ಇನ್ನೂ ಬಂದಿಲ್ಲಲ್ಲ!"

"ಹುಡುಗ್ಯಾರ ಬೆನ್ನು ಹತ್ತಿ ಹಿತ್ತಲಾ ಹಾರೋ ಪೋಲಿ ಕಥಿ ತೋರ್ಸಾಕ ಕರದೀರೇನು, ನಾವು ಮರ್ಯಾದಸ್ಥರು ಅಂದ್ಲು ನೀಲವ್ವ. ಎಲ್ಲಾರ ಮುಂದ ಅಂದ್ಲು." ಅವಳ ಕಣ್ಣು ಮೊಳೆಯ ಮೇಲೆ ಬಿತ್ತು. "ಮೊದಲಿಂದು ತಗದಿ?"

"ಅದರಾಗ ಮಾತಽ ಇರಲಿಲ್ಲಲ್ಲವ್ವ."

"ಮಾತು ಇರಲಿಲ್ಲಪ್ಪ. ಇದು ನಗೂ ಸಿನಿಮಾ ಅನ್ನೂದು ಅದರಾಗಽ ಇತ್ತು."

ಗುರುಸಿದ್ದಪ್ಪ ಯಂತ್ರ ಬಿಟ್ಟು ಬಸ್ ನಿಲ್ದಾಣಕ್ಕೆ ಓಡುವಂತೆಯೂ ಇರಲಿಲ್ಲ. ಉಳಿದವರಿಗೆ ಆಟ ಮುಗಿಸಬೇಕಿತ್ತು, ಮುಗಿಸಿದ.

ಮಾರನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಧೋತರ ಉಟ್ಟು, ನನ್ನನ್ನು ಡಬ್ಬಿಯಲ್ಲಿಟ್ಟುಕೊಂಡು ನೀಲವ್ವನ ಊರಿಗೆ ಹೋದ. ನೀಲವ್ವ ಕಟ್ಟೆಯ ಮೇಲೆ ಕುಳಿತು ಕಾಳು ಆರಿಸುತ್ತಿದ್ದಳು. ಮನೆಯವರೆಲ್ಲ ಸೇರಿದರು. ಅವನು ನನ್ನನ್ನು ಬಿಸಿಲಿಗೆ ಹಿಡಿದ.

"ನೋಡ್ರಿ ಯಕ್ಕಾರ, ತಪ್ಪು ನಂದು. ಇದನ್ನ ನಾನಽ ಕತ್ತರಿಸಿದ್ದೆ. ಇದನ್ನ ನೋಡಿದ್ರ ಅದು ಚಾಷ್ಟಿ ಸಿನಿಮಾ, ನಗೂ ಸಿನಿಮಾ ಅಂತ ತಿಳೀತಿತ್ತು."

ನೀಲವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಏನ್ ಕಾಣಬೇಕ್ರಿ ಇದರಾಗ? ಇರಿವಿ ಸಾಲು ಇದ್ದಂಗ ಐತಿ."

ಅವಳು ಹೇಳಿದ್ದು ನಿಜ. ಬೆಳಕು ಹಾಯದೆ, ಓಡದೆ, ಸದ್ದಿಲ್ಲದೆ ನಾನು ಏನೂ ಅಲ್ಲ. ಗುರುಸಿದ್ದಪ್ಪ ಸುತ್ತಲೂ ನೋಡಿದ. ನನ್ನನ್ನು ಕಟ್ಟೆಯ ಮೇಲಿಟ್ಟ. ಧೋತರ ಎತ್ತಿ ಕಟ್ಟಿ ಅಂಗಳದ ತುದಿಗೆ ಹೋದ.

"ಹುಡುಗ ಹಿಂಗ ಓಡಿ ಬರತಾನ್ರಿ," ಎಂದು ಪಟಪಟ ಹೆಜ್ಜೆ ಹಾಕಿ ಓಡಿ ಬಂದ. ಬಾಯಲ್ಲೇ ಟುಣುಕು ಟುಣುಕು ಅಂದ. ಈ ಕಡೆ ಬಂದು ಹುಡುಗಿಯಂತೆ ಕೊಡೆಯ ಜೊತೆ ಜಗಳವಾಡಿದ. ಮತ್ತೆ ಆ ಕಡೆ ಓಡಿ ಹುಡುಗನಾದ. ನರೆತ ಮೀಸೆಯ ಮನುಷ್ಯ. ದನಕ್ಕೆ ನೀರಿಡುವ ಬಾನಿಯ ಹತ್ತಿರ ತಿರುಗುವಾಗ ಕಾಲು ಜಾರಿತು. ರಾಡಿಯಲ್ಲಿ ಕುಕ್ಕರಿಸಿ ಕುಳಿತುಬಿಟ್ಟ.

ಎಲ್ಲರೂ ನಕ್ಕರು. ಮಕ್ಕಳು ಕೇಕೆ ಹಾಕಿದರು. ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅಯ್ಯ ಯಪ್ಪಾ, ಹೊಟ್ಟಿ ನೋವು ಬಂತು! ಈಗ ತಿಳೀತು ಬಿಡ್ರಿ, ಅದು ನಗೂ ಸಿನಿಮಾನ."

ಗುರುಸಿದ್ದಪ್ಪನ ಮುಖ ಅರಳಿತು. ಕುಳಿತಲ್ಲಿಂದಲೇ ಕೇಳಿದ. "ಹಂಗಾರ ನಮ್ಮ ಕಸ್ತೂರಿ ವಿಚಾರ..."

ನೀಲವ್ವನ ನಗು ನಿಂತಿತು. ಅವನ ಧೋತರ ನೋಡಿದಳು. "ಅದನ್ನ ಬ್ಯಾರೆ ಕಡಿ ನೋಡ್ರಿ. ಬೀಗರು ಅಂದ್ ಮ್ಯಾಲ ನಾಕ ಮಂದ್ಯಾಗ ಒಂದು ಗತ್ತು ಇರಬೇಕು."

ಫಕ್ಕೀರೇಶ ಮಾತ್ರ ನಕ್ಕಿರಲಿಲ್ಲ. ತಂಬಿಗೆಯಲ್ಲಿ ನೀರು ತಂದು ಗುರುಸಿದ್ದಪ್ಪನ ಕಾಲಿಗೆ ಹಾಕಿದ. ಏನಾದರೂ ಅಂದಾನು ಎಂದು ನಾನು ಕಟ್ಟೆಯ ಮೇಲಿಂದ ಕಾದೆ. ಅವನು ಅತ್ತೆಯ ಮುಖ ನೋಡಿದ. ಖಾಲಿ ತಂಬಿಗೆ ಹಿಡಿದು ಒಳಗೆ ಹೋದ.

ಮನೆಯಲ್ಲಿ ಕಸ್ತೂರಿ ಬಾಗಿಲಲ್ಲೇ ನಿಂತಿದ್ದಳು.

"ಏನಂದ್ರಪ್ಪ?"

"ನಕ್ಕರವ್ವ."

"ಸಿನಿಮಾಕ್ಕೋ, ನಿನಗೋ?"

ಅವನು ಒಳಗೆ ಹೋಗಿ ರಾಡಿಯಾದ ಧೋತರ ಬದಲಿಸಿದ. ಅವಳು ಧೋತರ ತೆಗೆದುಕೊಂಡು ನೀರಿಗೆ ಹಾಕಿದಳು.

ಆ ಮಧ್ಯಾಹ್ನವೇ ನನ್ನನ್ನು ಅಂಟು ಹಚ್ಚಿ ಮೊದಲಿನ ಜಾಗಕ್ಕೆ ಕೂಡಿಸಿದ. ಅಂದು ಅವನು ಕಾರ್ಬನ್ನನ್ನು ಮೊದಲೇ ಹದ ಮಾಡಿ ಕಿಂಡಿಗೆ ಕಣ್ಣಿಟ್ಟ. ಹುಡುಗ ಓಡಿ ಬಂದ, ಬಿದ್ದ, ಮಂದಿರವೆಲ್ಲ ಘೊಳ್ಳೆಂದಿತು. ಗುರುಸಿದ್ದಪ್ಪ ಕಿಂಡಿಯಿಂದ ಮುಖ ಸರಿಸಿದ. ಕೆಸರಿನಲ್ಲಿ ಕುಳಿತ ಹುಡುಗಿ ನಗುವುದನ್ನೂ, ಕೊಳಲು ಶುರುವಾಗುವುದನ್ನೂ ಅವನು ನೋಡಲಿಲ್ಲ.

ಆಮೇಲೆ ಕಸ್ತೂರಿಗೆ ಮದುವೆಯಾಯಿತೋ ಇಲ್ಲವೋ ನನಗೆ ತಿಳಿಯದು. ವಾರ ಮುಗಿಯಿತು, ಪೆಟ್ಟಿಗೆ ಮುಂದಿನ ಊರಿಗೆ ಹೊರಟಿತು. ಎಷ್ಟೋ ಊರುಗಳಲ್ಲಿ ಮತ್ತೆ ಜನ ನಕ್ಕರು. ನನಗೆ ಮಾತ್ರ ಮೊದಲಿನ ಹಿಗ್ಗು ಬರಲಿಲ್ಲ. ಬಿದ್ದವನಿಗೆ ಕಡೆಗೆ ಒಳ್ಳೆಯದೇ ಆಗುತ್ತದೆ, ಅದಕ್ಕೆ ನಗಬಹುದು ಎಂದು ಹೇಳಿಕೊಟ್ಟದ್ದು ನಾನು. ಅದನ್ನು ನಂಬಿ ಒಬ್ಬ ತಂದೆ ಅಂಗಳದಲ್ಲಿ ಬಿದ್ದ. ಅಲ್ಲಿ ಕೊಳಲು ಊದುವವರು ಯಾರೂ ಇರಲಿಲ್ಲ.

ಬಣ್ಣ ಮಾಸಿದ ಮೇಲೆ ನನ್ನನ್ನು ಹುಬ್ಬಳ್ಳಿಯ ಗುಜರಿಗೆ ಹಾಕಿದರು. ಅಲ್ಲಿಂದ ಒಬ್ಬ ರೈತ ಒಯ್ದು, ಉದ್ದುದ್ದ ಪಟ್ಟಿ ಮಾಡಿ, ಜೋಳದ ಹೊಲದ ಸುತ್ತ ತಂತಿಗೆ ಕಟ್ಟಿದ್ದಾನೆ. ಗಾಳಿ ಬಂದರೆ ಪಟಪಟ ಬಡಿದುಕೊಳ್ಳುತ್ತೇನೆ, ಬಿಸಿಲಿಗೆ ಮಿಂಚುತ್ತೇನೆ. ಗುಬ್ಬಿಗಳು ನನ್ನನ್ನು ಕಂಡು ಹೆದರಿ ಹಾರಿಹೋಗುತ್ತವೆ. ಹೆದರಬೇಡಿ ಎಂದು ಹೇಳಲು ಹುಟ್ಟಿದ ನಾನು ತಲೆ ತಗ್ಗಿಸಲೂ ಬಾರದೆ ತಂತಿಯ ಮೇಲೆ ಬಡಿದುಕೊಳ್ಳುತ್ತಲೇ ಇದ್ದೇನೆ.