ಬಿಲ್ಲೆ ಹಲಗೆಯ ಎದುರಿಗೆ

ಎಳೆತ ಬೇರೆ, ಈ ಹೊಸಬಳ ಕೈಯ ಎಳೆತವೇ ಬೇರೆ, ಬೆಡ್‌ಶೀಟು ಬಿಗಿಯಾಗುವ ಬದಲು ನಡುವೆ ಜೋತು ಬೀಳುತ್ತದೆ, ಇವಳದೇನು ತಪ್ಪು, ಪಾಪ, ಸೋಪಿನ ಕೋಣೆಯಿಂದ ಈಗಷ್ಟೇ ಎತ್ತಿ ತಂದು ನಿಲ್ಲಿಸಿದ್ದಾರೆ, ನೀವು ಆ ಕಡೆ ನಿಂತ್ಕೊಳ್ಳಿ ಅಕ್ಕ, ಕಿಟಕಿ ಕಡೆ, ಇವಳಿಗೆ ಈ ಕಡೆ ಸುಲಭ ಆಗುತ್ತೆ ಎಂದರು ಯಜಮಾನರ ಮಗಳು, ನಾನೂ ಮೇಜು ಸುತ್ತಿ ಬಂದು ನನ್ನ ಜೋಡಿ ತಡವಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ, ಅವಳ ಕಾಲು ಸವೆಸಿದ ನೆಲ, ಅವಳು ಸೊಂಟ ಒರಗಿಸಿ ನುಣುಪಾದ ಮೇಜಿನ ಅಂಚು — ತಲೆ ಎತ್ತಬಾರದು, ಮಡಿಸು, ಮೂಲೆಗೆ ಮೂಲೆ, ಎರಡು ಹೆಜ್ಜೆ ಮುಂದೆ, ಕೈಗೆ ಕೈ ತಾಗಿಸು, ಹಿಂದೆ ಸರಿ. ತಡವಮ್ಮನಿಗೆ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲೇ ಇದೆ. ನಾನೂ ತಟ್ಟಿದೆ, ನಾಚಿಕೆಗೆಟ್ಟ ಕೈ, ಎಲ್ಲರಿಗಿಂತ ಜೋರಾಗಿ ತಟ್ಟಿತು. ಕಾಲು ಸಿಡಿಯುತ್ತಿದೆ, ಬೆಳಿಗ್ಗೆ ಮಗಳು ಮಂಡಿಯವರೆಗೆ ಪಟ್ಟಿ ಸುತ್ತುತ್ತಾ, ಇವತ್ತು ಕುರ್ಚಿ ನಿಂದೇ ಅಮ್ಮ, ಇನ್ಮೇಲೆ ಕೂತು ಕೆಲಸ ಎಂದಿದ್ದಳು, ಡಾಕ್ಟರಂತೂ ಕಡ್ಡಿ ಮುರಿದಂತೆ ಹೇಳಿದ್ದಾರೆ, ನಿಂತು ಮಾಡೋ ಕೆಲಸ ಬಿಡಿ, ಇಲ್ಲಾಂದ್ರೆ ಕೆಲಸಾನೇ ಬಿಡಿ. ತಪಾಸಣೆ ಮೇಜಿನ ಹಿಂದೆ ಒಂದೇ ಒಂದು ಕುರ್ಚಿ, ಕೂತು ಕಲೆ, ಹರಕು ನೋಡಿ ಬದಿಗಿಡುವ ಕೆಲಸ, ಈ ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸ ಅದೊಂದೇ, ಈಗ ಅದರಲ್ಲಿ ತಡವಮ್ಮ ಕೂತಿದ್ದಾಳೆ.

ತಡವಮ್ಮ ಎಂದು ಹೆಸರಿಟ್ಟವಳೂ ನಾನೇ. ಬಂದಳು ನಮ್ಮ ತಡವಮ್ಮ, ಆರತಿ ಎತ್ತಿ ಎನ್ನುತ್ತಿದ್ದೆ, ಅವಳು ಒದ್ದೆ ಬಟ್ಟೆ ಇಳಿಸುವ ಹಿಂಬಾಗಿಲಿನಿಂದ ನುಸುಳಿ, ಸೆರಗಲ್ಲಿ ಬೆವರು ಒರೆಸಿಕೊಂಡು ನಗುತ್ತಿದ್ದಳು, ಮಗುವಿಗೆ ಉಬ್ಬಸ, ರಾತ್ರಿಯಿಡೀ ನಿದ್ದೆ ಇಲ್ಲ ಕಣೇ. ಬಾಗಿಲ ಪೆಟ್ಟಿಗೆಯಿಂದ ನನ್ನ ಹಿತ್ತಾಳೆ ಬಿಲ್ಲೆ ತೆಗೆದು ಹಾಜರಿ ಹಲಗೆಯ ನನ್ನ ಮೊಳೆಗೆ ಹಾಕುವಾಗ ಅವಳದ್ದನ್ನೂ ಅವಳ ಮೊಳೆಗೆ ಹಾಕುತ್ತಿದ್ದೆ, ಬಿಲ್ಲೆ ಇದ್ದರೆ ಆಳು ಇದೆ, ಗುಮಾಸ್ತ ಬಂದು ಖಾಲಿ ಮೊಳೆ ಮಾತ್ರ ಬರೆದುಕೊಂಡು ಹೋಗುತ್ತಾನೆ. ಅವಳು ಬರದೇ ಇದ್ದ ದಿನಗಳೂ ಇದ್ದವು, ಬೆಡ್‌ಶೀಟಿನ ಇನ್ನೊಂದು ತುದಿಯನ್ನು ಕಿಟಕಿ ಸರಳಿಗೆ ಸಿಕ್ಕಿಸಿ ಇಬ್ಬರ ಪಾಲನ್ನೂ ಒಬ್ಬಳೇ ಮಡಿಸಿದ್ದೇನೆ, ಕೆಲಸ ನಿಂತಿತೇ, ಇಲ್ಲ, ಯಾರ ಗಂಟು ಹೋಯಿತು. ಹೋದ ತಿಂಗಳು ಯಜಮಾನರ ಮಗಳು ಕರೆದು ಕೂರಿಸಿ — ಹೌದು, ಅದೇ ಕುರ್ಚಿಯಲ್ಲಿ ಕೂರಿಸಿ — ಕೇಳಿದರು, ನಿಯತ್ತಿನವರಿಗೆ ಈ ಜಾಗ ಕೊಡ್ಬೇಕು ಅಂತಿದ್ದೀನಿ, ಯಾರಿಗೂ ಅನ್ಯಾಯ ಆಗ್ಬಾರ್ದು, ಹೇಗೆ ಆರಿಸ್ಲಿ ಅಕ್ಕ. ಇವರ ಅಪ್ಪನ ಕಾಲದಲ್ಲಿ ಆರಿಸುವುದೇನಿತ್ತು, ಯಜಮಾನರು ಹಗಲನ್ನು ರಾತ್ರಿ ಎಂದರೆ ದೀಪ ಹಚ್ಚುತ್ತಿದ್ದ ಇಸ್ತ್ರಿಯವನಿಗೇ ಎಲ್ಲ, ಅವನನ್ನು ನಾವೆಲ್ಲ ಹೌದಪ್ಪ ಎಂದೇ ಕರೆಯುತ್ತಿದ್ದೆವು. ಈ ಬಾರಿಯೂ ಅವನೇ ಕೂತುಬಿಟ್ಟರೆ ಎಂಬ ಉರಿ ನನಗೆ. ಮೇಡಂ, ಮುಖ ನೋಡಿ ಮಣೆ ಹಾಕ್ಬೇಡಿ, ಹಲಗೆ ನೋಡಿ, ಕಾಯಿಲೆ ಕಸಾಲೆ ಅಂತ ಹೇಳಿ ರಜಾ ಹಾಕಿದ್ದು ತಪ್ಪಲ್ಲ, ಹೇಳದೆ ಕೇಳದೆ ಒಂದು ದಿನವೂ ತಪ್ಪಿಸದವರಲ್ಲಿ ಯಾರು ಹಳಬರೋ ಅವರಿಗೆ ಕೊಡಿ, ಬಿಲ್ಲೆ ಸುಳ್ಳು ಹೇಳಲ್ಲ. ಬಿಲ್ಲೆ ಸುಳ್ಳು ಹೇಳಲ್ಲ ಅಂದೆ ನಾನು, ನಾನೇ, ದಿನವೂ ಅದರಿಂದ ಸುಳ್ಳು ಹೇಳಿಸುತ್ತಿದ್ದವಳು. ಆದರೂ ಎದೆ ತಟ್ಟಿ ಹೇಳಿದೆ, ಎಲ್ಲರಿಗಿಂತ ಹಳಬಳು ನಾನು, ನನ್ನ ಮೊಳೆ ಎಂದೂ ಸುಮ್ಮಸುಮ್ಮನೆ ಖಾಲಿ ಇರಲಿಲ್ಲ ಎಂಬ ಧೈರ್ಯ. ಸಂಜೆ ಬಸ್ಸಿನಲ್ಲಿ ತಡವಮ್ಮನಿಗೂ ಹೇಳಿದೆ, ಅವಳು ಒಂದು ಗಳಿಗೆ ಕಿಟಕಿಯಾಚೆ ನೋಡಿ, ಅದೇ ಸರಿ ಕಣೇ, ಅದಕ್ಕಿಂತ ನ್ಯಾಯ ಇನ್ನೇನಿದೆ ಎಂದಳು. ಎಷ್ಟು ಮೆತ್ತಗೆ ಹೇಳಿದಳು. ಆ ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿದ್ದಳು, ನನ್ನ ನಂತರದ ಹಳಬಳು ತಾನೇ ಎಂದು, ನಾನು ಪೆದ್ದಿ, ನನ್ನ ಕಾಲಿಗಾಗಿ ಮರುಗುತ್ತಿದ್ದಾಳೆ ಅಂದುಕೊಂಡೆ.

ಒಂದೇ ಒಂದು ದಿನ ನಿಮ್ಮ ಮೊಳೆ ಖಾಲಿ ಅಕ್ಕ, ಇಲ್ಲದಿದ್ರೆ ನಿಮಗೇ ಬರ್ತಿತ್ತು, ಏನು ಮಾಡ್ಲಿ, ನೀವೇ ಹೇಳಿದ ನಿಯಮ, ಎಂದರು ಯಜಮಾನರ ಮಗಳು ಇವತ್ತು ಎಲ್ಲರೆದುರಿಗೆ, ಅವರ ಕಣ್ಣಲ್ಲಿ ನಿಜವಾಗಿಯೂ ಬೇಸರವಿತ್ತು. ನನ್ನ ಮೊಳೆಯೇ, ಯಾವತ್ತು — ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದ ದಿನ. ಅಮ್ಮನ ತಲೆ ನನ್ನ ತೊಡೆಯ ಮೇಲೆ, ಆಟೋ ಕುಲುಕಿದಾಗಲೆಲ್ಲ ಅವಳ ನರಳಾಟ, ಒಂದು ಕೈಯಲ್ಲಿ ಫೋನು, ಆ ಕಡೆ ತಡವಮ್ಮ, ನನ್ನ ಬಿಲ್ಲೆ ಹಾಕಿಬಿಡೇ, ಮಧ್ಯಾಹ್ನ ಬರೋಕಾದ್ರೆ ಬರ್ತೀನಿ. ಹೂಂ ಕಣೇ, ಹಾಕ್ತೀನಿ, ನೀನು ಅಮ್ಮನ್ನ ನೋಡ್ಕೋ. ಅವಳು ಹೂಂ ಎಂದದ್ದಕ್ಕೇ ಗುಮಾಸ್ತನಿಗೆ ಫೋನು ಮಾಡಲಿಲ್ಲ, ಮಾಡಿದ್ದರೆ ರಜೆಯ ಮರದ ಬಿಲ್ಲೆಯಾದರೂ ತೂಗುತ್ತಿತ್ತು. ಮಾರನೇ ದಿನ ಕೇಳಿದೆ, ಹಾಕಿದ್ಯಾ, ಹಾಕ್ದೆ ಬಿಡ್ತೀನಾ ಅಂದಳು. ಈಗ ಅವಳ ಮೊಳೆ ತುಂಬಿ ತುಳುಕುತ್ತಿದೆ, ತುಂಬಿಸಿದ್ದು ನನ್ನ ಕೈ. ಬಾಯಿ ಬಿಟ್ಟರೆ ಇಬ್ಬರೂ ಬೀದಿಗೆ, ಬಿಡದಿದ್ದರೆ ನನ್ನ ಕಾಲು, ಬಿಸಿ ತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಚಪ್ಪಾಳೆ ಮುಗಿದ ಮೇಲೆ ನಲ್ಲಿಯ ಹತ್ತಿರ ಬಂದಳು, ಅವತ್ತು ಗುಮಾಸ್ತ ಅಲ್ಲೇ ನಿಂತಿದ್ದ ಕಣೇ, ಕೈ ಬರ್ಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ. ಕೈ ಬರ್ಲಿಲ್ಲ, ಸರಿ, ಮಾರನೇ ದಿನ ನಿಜ ಹೇಳೋಕೆ ಬಾಯಿ ಬರ್ಲಿಲ್ವಾ, ಅಂದೆ. ಅವಳು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡು ಹೋದಳು. ಇರಲಿ, ಒಂದು ಗಳಿಗೆ ಭಯಪಟ್ಟಳು, ಆಮೇಲೆ ಮರೆತಳು, ಮನುಷ್ಯರು ಮರೆಯುತ್ತಾರೆ, ಮಗುವಿನ ಉಬ್ಬಸ, ನಿದ್ದೆಯಿಲ್ಲ, ಮರೆತೇ ಹೋಗಿರಬೇಕು, ಹಾಗಂದುಕೊಂಡರೆ ಈ ಎದೆಯುರಿ ಸ್ವಲ್ಪ ಇಳಿಯುತ್ತದೆ, ಹಾಗೇ ಅಂದುಕೊಳ್ಳುತ್ತೇನೆ — ಅಕ್ಕಾ, ಹಿಡೀರಿ, ಎನ್ನುತ್ತಾಳೆ ಹೊಸಬಳು, ತುದಿ ಕೈ ಜಾರಿ ನೆಲಕ್ಕೆ ಬಿದ್ದಿದೆ, ಎತ್ತಿಕೊಂಡು, ಒದರಿ, ಮೂಲೆಗೆ ಮೂಲೆ ಸೇರಿಸಲು ತೋಳೆತ್ತಿದರೆ ತಲೆ ತಾನಾಗಿಯೇ ಮೇಲೆ ಏಳುತ್ತದೆ, ಇಲ್ಲಿ ನಿಂತವರ ತಲೆ ಏಳಲೇಬೇಕು, ಎದ್ದರೆ ಎದುರಿಗೆ ಹಲಗೆ. ಇಷ್ಟು ವರ್ಷ ನನ್ನ ಬೆನ್ನಿಗಿದ್ದ ಹಲಗೆ. ಅವಳ ಕಣ್ಣಿಗೆ ನೇರವಾಗಿ ಇದ್ದದ್ದು. ಸಾಲಿನ ತುದಿಯಲ್ಲಿ ನನ್ನ ಮೊಳೆ, ಇವತ್ತು ಅದರಲ್ಲಿ ಬಿಲ್ಲೆ ತೂಗುತ್ತಿದೆ, ಹೊಳೆಯುತ್ತಿದೆ, ಆದರೂ ನನಗೆ ಕಾಣುತ್ತಿರುವುದು ಬಿಲ್ಲೆಯಲ್ಲ, ಆ ದಿನ, ಬೆಳಗಿನಿಂದ ಸಂಜೆಯವರೆಗೆ, ಒಂದು ಬೆಡ್‌ಶೀಟು, ತಲೆ ಎತ್ತು, ಇನ್ನೊಂದು ಬೆಡ್‌ಶೀಟು, ತಲೆ ಎತ್ತು, ಪ್ರತಿ ಸಲವೂ ಅವಳ ಕಣ್ಣೆದುರಿಗೇ ನನ್ನ ಮೊಳೆ, ಖಾಲಿ.