ಒಂದೇ ಗೂಡಿನ ಒಂಬತ್ತು

ಶೆಟ್ಟೆಪ್ಪನ ಪಾಲಿನ ಹುಲ್ಲನ್ನು ಅಂದು ಮುರಿಗೆಪ್ಪ ಕೊಯ್ಯುತ್ತಿದ್ದ. ಭಾದ್ರಪದದ ಮಳೆ ಬೆಳಗಿನ ಜಾವ ನಿಂತಿತ್ತು. ಗೋರೆಗಾಂವಿನ ಹಾಲಿನ ಕಾಲನಿಯ ಇಳಿಜಾರಿನಲ್ಲಿ ಹುಲ್ಲು ಸೊಂಟದೆತ್ತರ ಬೆಳೆದು, ನೀರು ಹಿಡಿದು ಬಾಗಿತ್ತು. ಕೊಟ್ಟಿಗೆಗಳಲ್ಲಿ ಎಮ್ಮೆಗಳು ಆಗಲೇ ಕೂಗತೊಡಗಿದ್ದವು. ಆಳುಗಳೆಲ್ಲ ಮಣ್ಣಿಗೆ ಹೋಗುವ ಮೊದಲು ಅವುಗಳ ಮುಂದೆ ಮೇವು ಬೀಳಬೇಕು. ಅದಕ್ಕೇ ಕೊಯ್ಯುವವರೆಲ್ಲ ಮಾತಿಲ್ಲದೆ ಕುಡುಗೋಲು ಆಡಿಸುತ್ತಿದ್ದರು.

ರಸ್ತೆಯ ಕಡೆಯಿಂದ ವಿನೋದಿನಿ ಹತ್ತಿ ಬಂದಳು. ದಾದರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಂಗಳೂರಿನ ಹೆಂಗಸು. ಎರಡು ವರ್ಷದಿಂದ ಪ್ರತಿ ಭಾನುವಾರ ಖಾಲಿ ಗಾಜಿನ ನಳಿಗೆಗಳನ್ನು ತಂದು ಶೆಟ್ಟೆಪ್ಪನಿಗೆ ಕೊಟ್ಟು, ಅವನು ಹುಲ್ಲಿನಲ್ಲಿ, ಮಾವಿನ ಎಲೆಗಳಲ್ಲಿ ಹಿಡಿದಿಟ್ಟ ಹಾರುಜೇಡಗಳನ್ನು ಒಯ್ಯುತ್ತಿದ್ದಳು. ಅಂದು ಅವಳ ಚೀಲದಲ್ಲಿ ಟೈಪು ಮಾಡಿಸಿದ ಪ್ರಬಂಧವೂ ಇತ್ತು. ಇಲ್ಲಿಂದ ಘಾಟ್ಕೋಪರಿಗೆ ಹೋಗಿ ತನ್ನ ಮಾರ್ಗದರ್ಶಕ ಪ್ರೊಫೆಸರರ ಕೈಗೆ ಅದನ್ನು ಕೊಡಬೇಕಾಗಿತ್ತು.

ಶೆಟ್ಟೆಪ್ಪ ಎಲ್ಲಿ ಎಂದು ಕೇಳಿದಳು.

ಮುರಿಗೆಪ್ಪ ಕುಡುಗೋಲು ಕೆಳಗಿಟ್ಟ. "ನಿನ್ನಿ ಸಂಜೀಕ ಹೊರಿ ಎತ್ತೂವಾಗ ಎದಿ ಹಿಡಕೊಂಡು ಕುಂತ್ರು, ಬಾಯಾರ. ಮತ್ತ ಏಳಲಿಲ್ಲ. ಹೊತ್ತೇರಿದ ಮ್ಯಾಲ ಎತ್ತತೀವಿ."

ಅವಳು ಹೊರೆ ಹೊತ್ತವರ ಹಿಂದೆ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಕೆಲಸಗಾರರ ಖೋಲಿಗಳ ಕಡೆ ಇಳಿದಳು.

*

ಹಿಂದಿನ ಚಳಿಗಾಲದಲ್ಲಿ ಇರುವೆಯ ವೇಷ ಹಾಕಿದ ಹಾರುಜೇಡವನ್ನು ಅವಳಿಗೆ ಮೊದಲು ತೋರಿಸಿದವನು ಶೆಟ್ಟೆಪ್ಪನೇ. "ಇರುವಿಗೆ ಆರ ಕಾಲು, ಇದಕ್ಕ ಎಂಟು. ಮುಂದಿನ ಎರಡು ಎತ್ತಿ ಮೀಸಿ ಮಾಡಿ ಆಡಸ್ತದ, ಕಳ್ಳ," ಎಂದಿದ್ದ. ಓದು ಬಾರದ ಅವನು ಎಣಿಸುವುದರಲ್ಲಿ ತಪ್ಪುತ್ತಿರಲಿಲ್ಲ.

ಅಂಥವು ಎರಡು ಬಗೆ ಸಿಕ್ಕವು. ಒಂದರ ಬಾಯಿ ಸಣ್ಣದು. ಇನ್ನೊಂದರ ದವಡೆ ಮೈಯ ಮುಂದೆ ಉದ್ದಕ್ಕೆ ಚಾಚಿ, ಇರುವೆಯೊಂದು ಮತ್ತೊಂದು ಇರುವೆಯನ್ನು ಕಚ್ಚಿ ಹೊತ್ತಂತೆ ಕಾಣುತ್ತಿತ್ತು. ವಿನೋದಿನಿ ಎರಡಕ್ಕೂ ಬೇರೆ ಬೇರೆ ಚೀಟಿ ಅಂಟಿಸಿದಳು. ಎರಡೂ ಹೊಸ ಜಾತಿಯೆಂದು ಪ್ರೊಫೆಸರರು ಹಿಗ್ಗಿದರು. ಒಂದರ ಗಂಡು ಸಿಕ್ಕಿಲ್ಲ, ಇನ್ನೊಂದರ ಹೆಣ್ಣು ಸಿಕ್ಕಿಲ್ಲ ಎಂದು ಅವಳು ಪ್ರಬಂಧದಲ್ಲಿ ಬರೆದಿದ್ದಳು.

"ಬ್ಯಾರೆ ಅಲ್ರಿ ಬಾಯಾರ," ಎಂದಿದ್ದ ಶೆಟ್ಟೆಪ್ಪ, ಎಲ್ಲರೂ ಹುಲ್ಲು ಕಟ್ಟುತ್ತಿದ್ದಾಗ. "ಹೊರಿ ಹೊತ್ತಾವ ಗಂಡ. ಬರಿಗೈಲೆ ಬರಾಕಿ ಹೆಂಡ್ತಿ. ಒಂದೇ ಎಲಿಗೂಡಿನ್ಯಾಗ ನೋಡೀನಿ."

ಅವಳಿಗೆ ನಗು ಬಂದಿತ್ತು. "ನೀವು ಹಿಡಿದು ಕೊಡಿ ಸಾಕು. ಅವಕ್ಕೆ ಮದುವೆ ಮಾಡಿಸುವುದು ಬೇಡ ಮಾರಾಯ್ರೆ."

ಕೊಯ್ಯುವವರೆಲ್ಲ ನಕ್ಕರು. ಮುರಿಗೆಪ್ಪ ಅಂದೇ ಅವನಿಗೆ 'ಜೇಡದ ಐನೋರು' ಎಂದು ಹೆಸರಿಟ್ಟ. ಅದು ಕಾಲನಿಯ ತುಂಬ ಉಳಿಯಿತು. ಶೆಟ್ಟೆಪ್ಪನೂ ನಕ್ಕಿದ್ದ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಭಾನುವಾರದ ನಳಿಗೆಗಳು ಮಾತ್ರ ಒಂದು ವಾರವೂ ತಪ್ಪಲಿಲ್ಲ.

*

ಖೋಲಿಯ ಒಳಗೆ ಅವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಅವರ ಪದ್ಧತಿಯಂತೆ ಚಕ್ಕಳಮಕ್ಕಳ ಹಾಕಿಸಿ, ಹಣೆ, ತೋಳು, ಬೆನ್ನಿಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇರಿಸಿದ್ದರು. ಯಾರಾದರೂ ಕರೆದರೆ 'ಓ' ಎನ್ನುವಂತೆ ಕುಳಿತಿದ್ದ. ಕ್ರಿಯೆ ಮಾಡಿಸಲು ಬಂದ ಮಠದ ಐನೋರು ಬಿಲ್ವಪತ್ರೆ ಆರಿಸುತ್ತಿದ್ದರು. ಹೊರಗೆ ಅವನನ್ನು ಕೂರಿಸಿ ಹೊತ್ತೊಯ್ಯುವ ಬಿದಿರಿನ ವಿಮಾನ ಕಟ್ಟುವ ಸದ್ದು.

ಅವನ ಹೆಂಡತಿ ಬಸಲಿಂಗವ್ವ ಎದ್ದು ಬಂದು ವಿನೋದಿನಿಯ ಕೈ ಹಿಡಿದು ಒಲೆಯ ಮೇಲಿನ ಹಲಗೆಯ ಕಡೆ ಕರೆದೊಯ್ದಳು. ಹಲಗೆಯ ಮೇಲೆ ಔಷಧದ ಒಂಬತ್ತು ಸೀಸೆಗಳು. ಬಾಯಿಗೆ ಹಳೆ ಧೋತರದ ಚೂರು ಕಟ್ಟಿತ್ತು.

"ಹೋಳಿ ಹುಣ್ಣಿಮಿಗೆ ಒಂದು ಎಲಿಗೂಡು ತಂದ್ರು. ತತ್ತಿ ಒಡದು ಮರಿ ಆದ್ವು. ಒಂದನ್ನೊಂದು ತಿಂತಾವಂತ ಬ್ಯಾರೆ ಬ್ಯಾರೆ ಇಟ್ರು. ದಿನಾ ಕೆಲಸ ಮುಗಿಸಿ ಬಂದು ನುಸಿ ಹಿಡಿಯೂದೇ ಆತು. ಇವತ್ತ ನಿಮಗ ತೋರಸಾವ್ರಿದ್ರು."

ವಿನೋದಿನಿ ಒಂದೊಂದೇ ಸೀಸೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ನಾಲ್ಕು ಹೊರೆ ಹೊತ್ತವು. ಐದು ಹೊರೆ ಇಲ್ಲದವು. ಇನ್ನೊಮ್ಮೆ ಎಣಿಸಿದಳು. ಎಲ್ಲ ಒಂದೇ ಗೂಡಿನವು. ಹೆಗಲಿನ ಚೀಲದಲ್ಲಿ ಪ್ರಬಂಧ ಭಾರವಾಗಿತ್ತು. ಅದರಿಂದ ಎರಡು ಹೊಸ ಜಾತಿಗಳಲ್ಲಿ ಒಂದು ಹೋದರೆ ಪ್ರೊಫೆಸರರು ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಸೀಸೆಗಳ ವಿಷಯ ಈ ಖೋಲಿಯಾಚೆ ಯಾರಿಗೂ ತಿಳಿದಿರಲಿಲ್ಲ.

"ನಾನು ತಪ್ಪು ಬರೆದಿದ್ದೇನೆ," ಎಂದಳು ಮೆಲ್ಲಗೆ. "ತಿದ್ದುತ್ತೇನೆ ಬಸಲಿಂಗವ್ವ."

"ನನಗ್ಯಾಕ ಹೇಳ್ತೀರಿ? ನೀವು ನಕ್ಕಿದ್ದು ಮಂದಿ ಎದುರಿಗೆ." ಬಸಲಿಂಗವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನೂ ಕುಂತಾರ. ಎಬ್ಬಸೂದ್ರೊಳಗ ಅವರಿಗೇ ಹೇಳ್ರಿ."

ಎತ್ತುವವರು ಬಾಗಿಲಿಗೆ ಬಂದಿದ್ದರು. ಮುಂದೆ ಮುರಿಗೆಪ್ಪ. ಐನೋರು ಹೊತ್ತು ನೋಡಿದರು, ಆಮೇಲೆ ವಿನೋದಿನಿಯ ಮುಖ ನೋಡಿ ಒಂದು ಹೆಜ್ಜೆ ಸರಿದು ನಿಂತರು. ಅವಳು ಸೆರಗು ಬಿಗಿದು ಅವನ ಎದುರು ಮಂಡಿಯೂರಿದಳು.

"ಶೆಟ್ಟೆಪ್ಪನವರೇ," ಎಂದಳು. ಹಾಗೆ ಅವನನ್ನು ಕರೆದದ್ದು ಅದೇ ಮೊದಲು. "ನೀವು ಹೇಳಿದ್ದೇ ಸರಿ. ಅವು ಬೇರೆ ಬೇರೆ ಅಲ್ಲ. ಗಂಡ ಹೆಂಡತಿ. ತಪ್ಪು ನನ್ನದು."

ಮುರಿಗೆಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಬಸಲಿಂಗವ್ವ ಗಂಡನ ಕೊರಳ ಹಾರ ಸರಿಪಡಿಸಿ, "ಇನ್ನ ಎತ್ರಿ," ಎಂದಳು.

ವಿಮಾನ ತಿರುವು ದಾಟಿ ಮರೆಯಾದ ಮೇಲೆ ಪಕ್ಕದ ಖೋಲಿಯ ಗಂಗುಬಾಯಿ ಕಸಬರಿಗೆ ಹಿಡಿದು ಒಳಗೆ ಬಂದಳು. ಅವನು ಆನಿಕೊಂಡಿದ್ದ ಗೋಡೆಯ ಮೇಲೆ ಬೆನ್ನಗಲದ ವಿಭೂತಿ ಉಳಿದಿತ್ತು. ಅದರ ಅಂಚಿನಲ್ಲಿ ಇರುವೆಯೊಂದು ಹರಿಯುತ್ತಿತ್ತು. ಗಂಗುಬಾಯಿ ಕಸಬರಿಗೆ ಎತ್ತಿದಳು. ಬಸಲಿಂಗವ್ವ ಅವಳ ಮುಂಗೈ ಹಿಡಿದುಕೊಂಡಳು.

"ತಡಿ. ಕಾಲ ಎಣಸು."

ಬೆದರಿದ ಅದು ಗೋಡೆಯಿಂದ ಹಾರಿತು. ನೆಲಕ್ಕೆ ಬೀಳಲಿಲ್ಲ. ಕಣ್ಣಿಗೆ ಕಾಣದ ಎಳೆಯೊಂದನ್ನು ಹಿಡಿದು, ತನ್ನ ಹೊರೆಯ ಸಮೇತ, ಆ ಬಿಳಿಯ ಗುರುತಿನ ಮುಂದೆ ತೂಗುತ್ತ ನಿಂತಿತು.