ಗೋರಿಗೆ ಇಳಿದವರು

ಒಳಗೆ ಹೆಂಗಸರು ಶಾರಿಪಾಳನ್ನು ಮೀಯಿಸಿ ಬಿಳಿಬಟ್ಟೆ ಸುತ್ತುತ್ತಿರುವಾಗಲೇ ಅಂಗಳದಲ್ಲಿ ಗಂಡಸರ ಮಾತು ನಿಂತುಹೋಯಿತು. ಮುಲ್ಲಾ ಕೇಳಿದ್ದು ಸಣ್ಣ ಪ್ರಶ್ನೆ. ಗೋರಿಯೊಳಗೆ ಇಳಿದು ದೇಹವನ್ನು ಇಸಿದುಕೊಳ್ಳಲು ಇಬ್ಬರು ಬೇಕು. ಹೆಂಗಸಿನ ದೇಹವಾದ್ದರಿಂದ ಇಬ್ಬರೂ ಅವಳ ಸ್ವಂತದವರೇ ಆಗಬೇಕು. ಮಗ ಸೈಲಾವ್ ಒಬ್ಬನಾದ. ಗಂಡ ಎಂದೋ ತೀರಿಕೊಂಡಿದ್ದ, ಒಡಹುಟ್ಟಿದವರು ಯಾರೂ ಉಳಿದಿರಲಿಲ್ಲ, ಸೈಲಾವ್‌ನ ಮಕ್ಕಳು ಇನ್ನೂ ಚಿಕ್ಕವು. ಇನ್ನೊಬ್ಬ ಯಾರು?

ಸೈಲಾವ್ ಬೇಲಿಯ ಬಳಿ ಟೊಪ್ಪಿಗೆ ಹಿಡಿದು ನಿಂತಿದ್ದ ಅಬ್ಲಿಜ್‌ನನ್ನು ತೋರಿಸಿದ. ಅಬ್ಲಿಜ್ ಎದುರುಮನೆಯ ಪಾತಿಗುಲ್‌ಳ ಮಗ, ಜಾರ್ಕೆಂಟ್ ಪಟ್ಟಣಕ್ಕೆ ಬಸ್ಸು ಓಡಿಸುವವನು.

ಗಂಡನ ಕಡೆಯ ದಾಯಾದಿ ಓರಾಜ್‌ಗೆ ಅದು ಹಿಡಿಸಲಿಲ್ಲ. "ಇವನು ಉಯ್ಗುರ್ ಅಲ್ವೇನಪ್ಪಾ? ಕಜಾಕರಲ್ಲಿ ಗಂಡಸರು ಮುಗಿದುಹೋದ್ರಾ?"

"ಇವನ ತಾಯಿ ನಮ್ಮಮ್ಮನ ಹಾಲು ಕುಡಿದು ಬೆಳೆದವಳು," ಎಂದ ಸೈಲಾವ್. "ನನಗೆ ಅಕ್ಕ."

ಹಾಲುಣಿಸಿದವಳು ಧರ್ಮದ ಪ್ರಕಾರ ತಾಯಿಯೇ, ಹಾಗಿದ್ದರೆ ಅಬ್ಲಿಜ್ ಮೊಮ್ಮಗನೇ, ಅಡ್ಡಿಯಿಲ್ಲ ಎಂದರು ಮುಲ್ಲಾ. ಆದರೆ ಅವರು ಊರಿಗೆ ಹೊಸಬರು. ಹಾಲುಣಿಸಿದಾಗ ಸೈಲಾವ್ ಇನ್ನೂ ಹುಟ್ಟಿರಲಿಲ್ಲ, ಪಾತಿಗುಲ್‌ಳ ಹೆತ್ತತಾಯಿ ಹೋದ ವರ್ಷ ತೀರಿಕೊಂಡಿದ್ದಳು. ಕಣ್ಣಾರೆ ಕಂಡವರ ಒಂದು ಮಾತು ಬೇಕೆಂದರು.

ಕಂಡವರಲ್ಲಿ ಉಳಿದಿದ್ದವಳು ಶಾರಿಪಾಳ ನಾದಿನಿ ಕುಲ್ಯಾಶ್ ಒಬ್ಬಳೇ. ಮೀಯಿಸಲು ನೀರು ಹುಯ್ದವಳು ಅವಳೇ, ಇನ್ನೂ ಒಳಗೇ ಇದ್ದಳು.

*

ಅದು ಸಾವಿರದ ಒಂಬೈನೂರ ಅರವತ್ತೆರಡರ ವಸಂತ. ಗಡಿಯಾಚೆ ಚೀನಾದಲ್ಲಿ ಮನೆಮನೆಯ ಒಲೆ ಆರಿಸಿ ಊರಿಗೆಲ್ಲ ಒಂದೇ ಒಲೆ ಹೂಡಿದ್ದರು. ಕೊನೆಗೆ ಅದರ ಮೇಲೂ ಬೇಯಿಸಲು ಏನೂ ಉಳಿಯಲಿಲ್ಲ. ಅಣ್ಣತಮ್ಮಂದಿರೆಂದು ಮೆರೆದಿದ್ದ ಎರಡು ದೊಡ್ಡ ದೇಶಗಳು ಮುನಿಸಿಕೊಂಡಿದ್ದವು. ಅದರ ನಡುವೆ, ಹೇಗೋ, ಕೆಲವು ವಾರ ದಾರಿ ತೆರೆದುಕೊಂಡಿತು. ಕಜಾಕರು, ಉಯ್ಗುರರು ಕಂಬಳಿ ಹೊತ್ತು, ಮುದುಕರನ್ನು ಗಾಡಿಯಲ್ಲಿ ಕೂರಿಸಿಕೊಂಡು ಈಚೆ ಸೋವಿಯತ್ ನೆಲಕ್ಕೆ ಹರಿದುಬಂದರು. ಊರಿನ ಶಾಲೆ ತುಂಬಿಹೋಯಿತು.

ಶಾರಿಪಾಳ ಚೊಚ್ಚಲ ಕೂಸು ಆಗತಾನೆ ಜ್ವರಕ್ಕೆ ತೀರಿಕೊಂಡಿತ್ತು. ಎದೆ ಕಲ್ಲಾಗಿತ್ತು. ಹಾಲು ಇಂಗಲೆಂದು ಅತ್ತೆ ಬಟ್ಟೆ ಬಿಗಿದು ಕಟ್ಟಿದ್ದಳು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಕುಲ್ಯಾಶ್ ಅವಳ ಕೈಗೆ ರೊಟ್ಟಿಯ ಗಂಟು ಕೊಟ್ಟು ಶಾಲೆಗೆ ಕರೆದುಕೊಂಡು ಹೋದಳು.

ಅಲ್ಲಿ ಕರಿಹಲಗೆಯ ಕೆಳಗೆ ಆಯ್ಶೆಮ್ ಕೂತಿದ್ದಳು. ಹಸು ಮಾರಿ ನಾಳೆ ಬರುತ್ತೇನೆಂದ ಗಂಡನನ್ನು ಆಚೆ ಬಿಟ್ಟು ಬಂದಿದ್ದಳು. (ಆ ನಾಳೆ ಬರುವ ಮೊದಲೇ ದಾರಿ ಮುಚ್ಚಿತು, ಅವನು ಬರಲೇ ಇಲ್ಲ.) ಅವಳ ಎದೆ ಬತ್ತಿತ್ತು. ಮಡಿಲಲ್ಲಿದ್ದ ಮಗಳು ಪಾತಿಗುಲ್‌ಗೆ ಅಳಲೂ ತ್ರಾಣವಿರಲಿಲ್ಲ, ಬಾಯಿ ಮಾತ್ರ ಆಡುತ್ತಿತ್ತು.

ಶಾರಿಪಾ ನಿಂತುಬಿಟ್ಟಳು. ಕುಲ್ಯಾಶ್‌ಗೆ ಅರ್ಥವಾಯಿತು.

"ಬೇಡ ಕಣೇ. ನಾಳೆ ಇವರನ್ನ ವಾಪಸ್ ಅಟ್ಟಿದ್ರೆ? ಇನ್ನೊಂದ್ ಸಲ ಮಗು ಕಳಕೊಳ್ತೀಯಾ?"

ಶಾರಿಪಾ ಗೋಡೆಗೆ ಮುಖ ಮಾಡಿ ಎದೆಯ ಕಟ್ಟು ಬಿಚ್ಚಿದಳು.

ತುಪ್ಪಟದಷ್ಟು ಹಗುರವಾಗಿದ್ದ ಕೂಸು ಮುಂದಿನ ವಸಂತಕ್ಕೆ ಅಂಗಳವಿಡೀ ಓಡಾಡಿತು. ಅಷ್ಟು ದಿನವೂ ಅದು ಶಾರಿಪಾಳ ಹಾಲನ್ನೇ ಕುಡಿಯಿತು. ಆಯ್ಶೆಮ್‌ಗೆ ಎದುರುಮನೆ ಸಿಕ್ಕಿತು. ಅವಳು ಕೈಯಾರೆ ಎಳೆದ ಶಾವಿಗೆಯ ಬಟ್ಟಲು ತಂದು ಕಣ್ಣೀರಿಟ್ಟಾಗಲೆಲ್ಲ ಶಾರಿಪಾ ಗದರಿಸುತ್ತಿದ್ದಳು. ಎದೆ ಒಡೆದು ಸಾಯುತ್ತಿದ್ದವಳು ನಾನು, ಉಳಿಸಿದವಳು ನಿನ್ನ ಮಗಳು, ನೀನ್ಯಾಕೆ ಕೈಮುಗಿಯುತ್ತೀಯಾ ಎನ್ನುತ್ತಿದ್ದಳು.

*

ಅರವತ್ತೊಂಬತ್ತರಲ್ಲಿ ಗಡಿಯಲ್ಲಿ ಗುಂಡು ಹಾರಿತು. ಆಚೆಯಿಂದ ಬಂದವರೆಲ್ಲ ಬೇಹುಗಾರರು ಎಂಬ ಗುಸುಗುಸು ಎದ್ದಿತು. ಗುಪ್ತಚರ ಕಚೇರಿಯಿಂದ ಬಂದವನೊಬ್ಬ ಶಾರಿಪಾಳ ಮನೆಯಲ್ಲಿ ಚಹಾ ಕುಡಿಯುತ್ತಾ, ಎದುರುಮನೆಯವರು ಯಾವ ರೇಡಿಯೋ ಕೇಳುತ್ತಾರೆ, ಯಾರಿಗೆ ಕಾಗದ ಬರೆಯುತ್ತಾರೆ ಎಂದೆಲ್ಲ ವಿಚಾರಿಸಿದ.

"ನನ್ನ ಮಗಳು ಆ ಮನೇಲಿ ಬೆಳೀತಿದಾಳೆ," ಎಂದಳು ಶಾರಿಪಾ. "ಅವರ ಹೆಸರು ಬರಕೊಳ್ಳೋದಾದ್ರೆ ನನ್ನದೂ ಸೇರಿಸಿ ಬರಕೊಳ್ಳಿ."

ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಊರಿನ ಡೈರಿಯಲ್ಲಿ ಹಾಲು ಕರೆಯುವವರ ಮುಂದಾಳಾಗಿದ್ದವಳನ್ನು ಕೊಟ್ಟಿಗೆ ಬಳಿಯಲು ಹಾಕಿದರು. ಶಾರಿಪಾ ಬಳಿದಳು. ಸಂಜೆ ಪಾತಿಗುಲ್ ಶಾಲೆಯಿಂದ ನೇರ ಅಲ್ಲಿಗೇ ಬಂದು ಇನ್ನೊಂದು ಸಲಿಕೆ ಹಿಡಿಯುತ್ತಿದ್ದಳು.

*

ಕುಲ್ಯಾಶ್ ಒದ್ದೆ ತೋಳುಗಳಲ್ಲೇ ಹೊಸ್ತಿಲಿಗೆ ಬಂದಳು. ಮುಲ್ಲಾ ಕೇಳಿದ್ದನ್ನು ಎರಡು ಸಲ ಹೇಳಿಸಿಕೊಂಡಳು. ಕಿವಿ ಮಂದವಾಗಿತ್ತು.

"ಕಂಡಿದ್ದೀನಿ. ಬೇಡ ಅಂದಿದ್ದೂ ನಾನೇ. ಪುಣ್ಯಕ್ಕೆ ಅವಳು ನನ್ನ ಮಾತು ಕೇಳ್ಲಿಲ್ಲ." ಅವಳು ಬಾಗಿಲಿಗೆ ಆತುಕೊಂಡಳು. "ಶಾರಿಪಾ ಕಾಲಿನ ಶಕ್ತಿ ಹೋಗಿ ಮಲಗಿದಾಗ ಸೈಲಾವ್ ದೂರದ ಊರಲ್ಲಿ ಕೆಲಸದಲ್ಲಿದ್ದ. ನಾನು ಮುದುಕಿ. ಅವಳನ್ನ ಎತ್ತಿ ಮೀಯಿಸಿ, ಹೊರಳಿಸಿ, ತುತ್ತಿಟ್ಟವಳು ಪಾತಿಗುಲ್. ಈಗಲೂ ಶಾರಿಪಾಳ ತಲೆ ಹಿಡಕೊಂಡು ಒಳಗೆ ಕೂತವಳು ಅವಳೇ. ಇನ್ನೇನು ಸಾಕ್ಷಿ ಬೇಕು ಓರಾಜ್?"

ಓರಾಜ್ ಅಬ್ಲಿಜ್‌ನ ಭುಜದತ್ತ ನೋಡಿದ, ತನ್ನ ಹೊಟ್ಟೆಯತ್ತಲೂ ನೋಡಿಕೊಂಡ. "ಇಳೀಲಿ ಬಿಡು. ನಾನಿಳಿದ್ರೆ ನನ್ನನ್ನ ಮೇಲೆತ್ತೋಕೆ ನಾಲ್ಕು ಜನ ಬೇಕಾಗುತ್ತೆ." ಅಂಗಳದಲ್ಲಿ ಯಾರೋ ಮೆಲ್ಲಗೆ ನಕ್ಕರು. ಓರಾಜ್ ತಾನೇ ಹೋಗಿ ಅಬ್ಲಿಜ್‌ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ಕರೆತಂದ.

ಕಂಬಳಿ ಸುತ್ತಿದ ದೇಹ ಹೊರಬಂತು. ಹೆಂಗಸರು ಗೋರಿಯವರೆಗೆ ಹೋಗುವ ಹಾಗಿರಲಿಲ್ಲ. ಪಾತಿಗುಲ್ ಗೇಟಿನ ಬಳಿ ಮಗನ ತೋಳು ಹಿಡಿದು ನಿಲ್ಲಿಸಿದಳು.

"ತಲೆ ಕಡೆ ನೀನು ಹಿಡಕೋ. ಸೈಲಾವ್ ಮಾವನಿಗೆ ಸೊಂಟ ನೋವು."

ಗುಡ್ಡದ ತಪ್ಪಲಲ್ಲಿ ಗಾಳಿ ಜೋರಾಗಿತ್ತು. ಮಾವ, ಅಳಿಯ ಇಬ್ಬರೂ ಗೋರಿಯೊಳಗೆ ಇಳಿದರು. ಮೇಲಿನಿಂದ ದೇಹ ಇಳಿಸುತ್ತಿದ್ದ ಬಟ್ಟೆಯ ಪಟ್ಟಿಗಳು ಸಡಿಲಾಗುತ್ತಿದ್ದಂತೆ ಅಬ್ಲಿಜ್ ಎರಡೂ ತೋಳು ಎತ್ತಿ ಇಸಿದುಕೊಂಡ. ಕತ್ತು ಬಾಗದಂತೆ ಅಜ್ಜಿಯ ತಲೆಯನ್ನು ಮೊಣಕೈಯ ಮಡಿಕೆಗೆ ಸರಿಸಿಕೊಂಡ. ಮುಲ್ಲಾ ಮುಖವನ್ನು ಯಾವ ಕಡೆ ತಿರುಗಿಸಬೇಕೆಂದು ಹೇಳುವವರೆಗೂ ಹಾಗೇ ನಿಂತಿದ್ದ, ತನ್ನ ಮುಖ ಬಾಗಿಸಿ, ಅವಳ ಮೇಲೆ ಮಣ್ಣಿನ ಹುಡಿ ಬೀಳದಂತೆ.